ಮೈನಸ್ 40ರಲ್ಲಿ ಕಾರು ಎಬ್ಬಿಸೋದು

ಶಿರಸಿಯಲ್ಲಿ ಕೊಬ್ಬರಿ ಎಣ್ಣೆ ಬಾಟಲಿಯೊಳಗೇ ಗಟ್ಟಿಯಾದರೆ ‘ಈ ಸಲ ಚಳಿ ಜೋರು’ ಅಂತಿದ್ವಿ. ನಾವೀಗ ಇರುವ ಕೆನಡಾದ ಎಡ್ಮಂಟನ್‌ನಲ್ಲಿ ಜನವರಿಯ ಕೆಲವು ದಿನ ಕಾರಿನ ಇಂಜಿನ್ ಆಯಿಲೇ ಜೋನಿಬೆಲ್ಲದ ಹಾಗಾಗಿಬಿಡುತ್ತೆ. ಇಲ್ಲಿ ಎಷ್ಟೋ ಕಾರುಗಳ ಮೂತಿಯಿಂದ ಕರೆಂಟಿನ ಪ್ಲಗ್ ಒಂದು ನೇತಾಡುತ್ತಿರುತ್ತೆ. ಊರಿಂದ ಬಂದವರು ‘ಎಲೆಕ್ಟ್ರಿಕ್ ಕಾರಾ?’ ಅಂತ ಕೇಳ್ತಾರೆ. ಅಲ್ಲ, ಪೆಟ್ರೋಲ್ ಕಾರೇ. ಅದರ ಕಥೆ ಆಮೇಲೆ.

ನನ್ನ ಹೆಂಡತಿ ನರ್ಸ್. ಬೆಳಿಗ್ಗೆ 7ಕ್ಕೆ ಡ್ಯೂಟಿ. ಅವಳು ಹೋಗಿ ವಾರ್ಡ್ ವಹಿಸಿಕೊಳ್ಳುವವರೆಗೆ ರಾತ್ರಿ ಪಾಳಿಯವರು ಮನೆಗೆ ಹೊರಡುವ ಹಾಗಿಲ್ಲ. ಹಾಗಾಗಿ ನಮ್ಮನೇಲಿ ಕಾರು ಸ್ಟಾರ್ಟ್ ಆಗೋದು ಕಾಫಿಗಿಂತ ಮುಖ್ಯ.

ಆಗಲಿಲ್ಲ ಅಂದ್ರೆ ಮೊದಲು ಕಿವಿ ಕೊಡಿ. ಕಾರೇ ಹೇಳುತ್ತೆ. ಬರೀ ‘ಟಿಕ್ ಟಿಕ್’ ಅಂದರೆ ಬ್ಯಾಟರಿ ಸೋತಿದೆ, ಇಲ್ಲವೇ ಟರ್ಮಿನಲ್ ಸಡಿಲವಾಗಿದೆ, ಕಿಲುಬು ಹಿಡಿದಿದೆ. ‘ಊಂ... ಊಂ...’ ಅಂತ ಎಳೆದೆಳೆದು ತಿರುಗಿದರೆ ಬ್ಯಾಟರಿಯ ಜೊತೆ ಆಯಿಲ್ ಮೇಲೂ ಅನುಮಾನ. ಚುರುಕಾಗಿ ತಿರುಗಿಯೂ ಹತ್ತಿಕೊಳ್ಳದಿದ್ದರೆ ಪೆಟ್ರೋಲ್ ಅಥವಾ ಸ್ಪಾರ್ಕ್ ಕಡೆ ನೋಡಬೇಕು; ಪೈಪಿನಲ್ಲಿದ್ದ ತೇವಾಂಶ ಹೆಪ್ಪುಗಟ್ಟಿರಲೂಬಹುದು. ಟ್ಯಾಂಕ್ ಅರ್ಧಕ್ಕಿಂತ ಕೆಳಗಿಳಿಯೋಕೆ ಇಲ್ಲಿ ಯಾರೂ ಬಿಡದಿರೋದು ಇದಕ್ಕೇ.

ಸಿಟ್ಟಿಗೆ ಕೀ ತಿರುಗಿಸುತ್ತಲೇ ಇರಬೇಡಿ. ಒಂದು ಸಲಕ್ಕೆ 10 ಸೆಕೆಂಡ್ ಸಾಕು, ಆಮೇಲೆ ಒಂದೆರಡು ನಿಮಿಷ ಬಿಡಿ. ಸ್ಟಾರ್ಟರ್ ಮೋಟಾರ್ ಸುಟ್ಟರೆ ಖರ್ಚು ಬೇರೆಯೇ.

ನಿಜವಾದ ವಿಲನ್ ಬಹಳ ಸಲ ಬ್ಯಾಟರಿಯೇ. ಚಳಿಗೆ ಒಳಗಿನ ರಾಸಾಯನಿಕ ಕ್ರಿಯೆ ನಿಧಾನವಾಗಿ ಅದರ ತಾಕತ್ತು ಇಳಿಯುತ್ತೆ. ಇತ್ತ ಗಟ್ಟಿ ಆಯಿಲ್‌ನಲ್ಲಿ ಇಂಜಿನ್ ತಿರುಗಿಸೋಕೆ ಇನ್ನೂ ಹೆಚ್ಚು ತಾಕತ್ತು ಬೇಕು. ಆದಾಯ ಇಳಿದ ತಿಂಗಳೇ ಖರ್ಚು ಏರಿದ ಹಾಗೆ. ನಿಂತ ಕಾರಿನ ಬ್ಯಾಟರಿ 12.6 ವೋಲ್ಟ್ ತೋರಿಸಿದರೆ ಚಾರ್ಜ್ ತುಂಬಿದೆ, 12.2 ಅಂದರೆ ಅರ್ಧ. ಪೂರ್ತಿ ಚಾರ್ಜ್ ಆದದ್ದು ಈ ಚಳಿಗೂ ಹೆಪ್ಪುಗಟ್ಟಲ್ಲ, ಖಾಲಿಯಾದದ್ದು ಗಟ್ಟುತ್ತೆ. ಬ್ಯಾಟರಿಯ ಹೊಟ್ಟೆ ಉಬ್ಬಿದ್ದರೆ ಜಂಪ್ ಸ್ಟಾರ್ಟ್ ಸುದ್ದಿಗೇ ಹೋಗಬೇಡಿ. ಒಡೆದು ಸಿಡಿಯಬಹುದು.

ಉಬ್ಬಿಲ್ಲ ಅಂದ್ರೆ ಪಕ್ಕದ ಮನೆಯವರ ಕಾರು ತರಿಸಿ. ಕೆಂಪು ಕೇಬಲ್ ಮೊದಲು ಸತ್ತ ಬ್ಯಾಟರಿಯ ಪ್ಲಸ್‌ಗೆ, ಇನ್ನೊಂದು ತುದಿ ಒಳ್ಳೆಯದರ ಪ್ಲಸ್‌ಗೆ. ಕಪ್ಪು ಕೇಬಲ್ ಒಳ್ಳೆಯದರ ಮೈನಸ್‌ಗೆ, ಕೊನೆಯ ತುದಿ ಸತ್ತ ಕಾರಿನ ಇಂಜಿನ್ನಿನ ಬಣ್ಣವಿಲ್ಲದ ಲೋಹಕ್ಕೆ. ಕಿಡಿ ಹಾರಿದರೂ ಬ್ಯಾಟರಿಯಿಂದ ದೂರ ಇರಲಿ ಅಂತ. ಕೈಗವಸು ತೆಗೆದು ಮಾಡ್ತೀನಿ ಅಂದ್ರೆ ಬೆರಳು ಹೋಗುತ್ತೆ, ಹುಷಾರ್.

ಈಗ ಆ ಪ್ಲಗ್. ಇಂಜಿನ್ನಿನೊಳಗೆ ಬ್ಲಾಕ್ ಹೀಟರ್ ಅಂತ ಒಂದಿರುತ್ತೆ, ನಮ್ಮ ಬಕೆಟ್ಟಿನ ನೀರು ಕಾಯಿಸುವ ಕಾಯಿಲ್‌ನ ಹತ್ತಿರದ ನೆಂಟ. ಕೂಲಂಟ್ ಬೆಚ್ಚಗಾಗಿ ಇಂಜಿನ್ನೂ ಬೆಚ್ಚಗಾಗುತ್ತೆ. ಎಷ್ಟೋ ಜನ ರಾತ್ರಿಯಿಡೀ ಹಾಕಿಡ್ತಾರೆ. ನನ್ನ ಪ್ರಕಾರ ಅದು ದುಡ್ಡು ದಂಡ, ಮೂರ್ನಾಲ್ಕು ಗಂಟೆ ಸಾಕು. 2024ರ ಜನವರಿ 13ರ ಸಂಜೆ ಆಲ್ಬರ್ಟಾದ ಎಲ್ಲರ ಮೊಬೈಲ್ ಒಟ್ಟಿಗೇ ಕಿರುಚಿಕೊಂಡವು: ಕರೆಂಟ್ ಸಾಲುತ್ತಿಲ್ಲ, ಬಳಕೆ ಕಡಿಮೆ ಮಾಡಿ ಅಂತ. ಹೊರಗೆ ಮೈನಸ್ 40ರ ಆಸುಪಾಸು. ಹೆಂಡತಿ ನನ್ನ ಮುಖ ನೋಡಿದಳು, ‘ನಾಳೆ ಡ್ಯೂಟಿ ಇದೆ ಕಣ್ರೀ.’ ನಮ್ಮ ಟೈಮರ್ ಇದ್ದದ್ದು ಬೆಳಗಿನ ಜಾವ 3ಕ್ಕೆ. ಅಷ್ಟರಲ್ಲಿ ತುರ್ತು ಮುಗಿದಿತ್ತು. ಕಾರು ಎರಡನೇ ಸಲಕ್ಕೆ ಎದ್ದಿತು.

ಆಯಿಲ್ ಬದಲಿಸುವಾಗ ಮ್ಯಾನುಯಲ್ ನೋಡಿ, ಒಪ್ಪಿದರೆ 0ಡಬ್ಲ್ಯೂ ಇಂದ ಶುರುವಾಗುವ ಸಿಂಥೆಟಿಕ್ ಹಾಕಿಸಿ. ಜಂಪ್ ಪ್ಯಾಕ್ ಇದ್ದರೆ ಅದನ್ನ ಕಾರಿನಲ್ಲಿ ಬಿಡಬೇಡಿ, ಅದರೊಳಗೂ ಬ್ಯಾಟರಿಯೇ ಇರೋದು. ನಮ್ಮದು ಚಪ್ಪಲಿ ಸ್ಟ್ಯಾಂಡಿನ ಮೇಲೆ ಬೆಚ್ಚಗಿದೆ.