ಎರಡು ಆಟದ ಎಲಿಸ್ ಪೆರ್ರಿ

ಮಾರತ್ತಹಳ್ಳಿಯ ರಿಂಗ್ ರೋಡ್ ಆಸುಪಾಸಿನ ಟರ್ಫ್‌ಗಳಲ್ಲಿ ರಾತ್ರಿ ಒಂಬತ್ತರವರೆಗೆ ಫುಟ್‌ಬಾಲ್ ನಡೆದರೆ, ಅದೇ ಹಾಸಿನ ಮೇಲೆ ಮುಂದಿನ ಸ್ಲಾಟು ಬಾಕ್ಸ್ ಕ್ರಿಕೆಟ್‌ನದು. ಗೋಲ್‌ಪೋಸ್ಟ್ ಬದಿಗೆ ಸರಿಯುತ್ತದೆ, ಪ್ಲಾಸ್ಟಿಕ್ ಸ್ಟಂಪು ಬರುತ್ತದೆ. ಶೂ ಒಳಗೆ ಸೇರಿದ ಕರಿ ರಬ್ಬರ್ ಕಾಳುಗಳನ್ನು ಕೊಡವಿಕೊಂಡು ಕೆಲವರು ಮತ್ತೆ ಒಳಗೆ ಇಳಿಯುತ್ತಾರೆ. ಬೆಳಗ್ಗೆ ಲಾಗಿನ್ ಆಗುವವರಿಗೆ ಎರಡು ಆಟ ಒಗ್ಗಿಸಿಕೊಳ್ಳುವುದು ಕಷ್ಟವಲ್ಲ. ದೇಶದ ಪರವಾಗಿ ಎರಡು ಆಟ ಆಡುವುದು ಬೇರೆಯೇ ಮಾತು. ಹಾಗೆ ಆಡಿದ ಒಬ್ಬಾಕೆಯನ್ನು ಬೆಂಗಳೂರು ತನ್ನವಳೆಂದೇ ಕೂಗಿ ಮೆರೆಸಿದೆ.

2024ರ ಮಾರ್ಚ್ 4ರಂದು ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಮಹಿಳಾ ಪ್ರೀಮಿಯರ್ ಲೀಗ್‌ನ (ಡಬ್ಲ್ಯುಪಿಎಲ್) ಯುಪಿ ವಾರಿಯರ್ಸ್ ವಿರುದ್ಧ ಆರ್‌ಸಿಬಿ ಪರ ಆಸ್ಟ್ರೇಲಿಯಾದ ಎಲಿಸ್ ಪೆರ್ರಿ ಹೊಡೆದ ಸಿಕ್ಸರ್, ಪ್ರದರ್ಶನಕ್ಕೆ ನಿಲ್ಲಿಸಿದ್ದ ಕಾರಿನ ಕಿಟಕಿ ಗಾಜನ್ನು ಪುಡಿ ಮಾಡಿತು. ಆ ವಿಡಿಯೊ ನೋಡದ ಆರ್‌ಸಿಬಿ ಅಭಿಮಾನಿ ಇರಲಾರ. ಆಕೆ ಫುಟ್‌ಬಾಲ್ ವಿಶ್ವಕಪ್‌ನಲ್ಲೂ ಗೋಲು ಹೊಡೆದವಳು ಎಂದರೆ ಹುಬ್ಬೇರಿಸುವವರೇ ಹೆಚ್ಚು.

2007ರ ಜುಲೈ 22ರಂದು, ಹದಿನಾರರ ಪೆರ್ರಿ ಡಾರ್ವಿನ್‌ನಲ್ಲಿ ನ್ಯೂಜಿಲೆಂಡ್ ವಿರುದ್ಧ ಆಸ್ಟ್ರೇಲಿಯಾದ ಕ್ರಿಕೆಟ್ ಕ್ಯಾಪ್ ತೊಟ್ಟರು. ಎರಡು ವಾರವೂ ಕಳೆದಿರಲಿಲ್ಲ. ಆಗಸ್ಟ್ 4ರಂದು ಹಾಂಗ್‌ಕಾಂಗ್ ಎದುರು ಫುಟ್‌ಬಾಲ್ ತಂಡದ ಪರ ಕಣಕ್ಕಿಳಿದು ಎರಡನೇ ನಿಮಿಷದಲ್ಲೇ ಗೋಲು ಬಾರಿಸಿದರು. 2011ರ ವಿಶ್ವಕಪ್ ಕ್ವಾರ್ಟರ್ ಫೈನಲ್‌ನಲ್ಲಿ ಸ್ವೀಡನ್ ವಿರುದ್ಧ ಮತ್ತೊಂದು.

ನನ್ನನ್ನು ಕೇಳಿದರೆ ಇವೆಲ್ಲಕ್ಕಿಂತ ಸೊಗಸಾದದ್ದು 2010ರ ಟ್ವೆಂಟಿ20 ವಿಶ್ವಕಪ್ ಫೈನಲ್ಲಿನ ಕೊನೆಯ ಎಸೆತ. ಬ್ರಿಡ್ಜ್‌ಟೌನ್‌ನಲ್ಲಿ ನ್ಯೂಜಿಲೆಂಡ್ ಗೆಲ್ಲಲು 5 ರನ್ ಬೇಕು, ಬೌಂಡರಿ ಹೋದರೆ ಸಮಬಲ. ಸೋಫಿ ಡಿವೈನ್ ನೇರಕ್ಕೆ ಬಲವಾಗಿ ಬಾರಿಸಿದರು. ಬೌಲ್ ಮಾಡಿದ ಪೆರ್ರಿ ಬಗ್ಗಲಿಲ್ಲ, ಬಲಗಾಲು ಚಾಚಿದರು. ಬೂಟಿಗೆ ತಾಗಿದ ಚೆಂಡು ಮಿಡ್‌ಆನ್ ಕಡೆ ಹೊರಳಿತು. ಬಂದದ್ದು ಒಂದೇ ರನ್. ಕ್ರಿಕೆಟ್ ಕೋಚ್ ಯಾರೂ ಕಲಿಸದ ಆ ಫೀಲ್ಡಿಂಗ್‌ನಿಂದ ಕಪ್ ಆಸ್ಟ್ರೇಲಿಯಾಕ್ಕೆ. ಅತ್ತ ಬ್ಯಾಟ್ ಹಿಡಿದಿದ್ದ ಡಿವೈನ್ ಕೂಡ ನ್ಯೂಜಿಲೆಂಡ್ ಪರ ಹಾಕಿ ಆಡಿದವರು!

ಇಂಥವರು ಬರೀ ಪ್ರತಿಭೆಯಿಂದ ಹುಟ್ಟುವುದಿಲ್ಲ, ವೇಳಾಪಟ್ಟಿಯೂ ಕೂಡಿಬರಬೇಕು. ಐರ್ಲೆಂಡ್‌ನಲ್ಲಿ ಕೋಲು-ಚೆಂಡಿನ ಹರ್ಲಿಂಗನ್ನೂ ಗೇಲಿಕ್ ಫುಟ್‌ಬಾಲನ್ನೂ 1884ರಲ್ಲಿ ಹುಟ್ಟಿದ ಒಂದೇ ಸಂಸ್ಥೆ ನಡೆಸುತ್ತದೆ. ಅದೇ ಮೈದಾನ, ಅದೇ ಊರ ಕ್ಲಬ್ಬು, ಆಡಿದ್ದಕ್ಕೆ ಸಂಬಳವಿಲ್ಲ. ಹೀಗಾಗಿ ಕಾರ್ಕ್ ಕೌಂಟಿಯ ಟೆಡ್ಡಿ ಮೆಕಾರ್ಥಿ 1990ರ ಸೆಪ್ಟೆಂಬರ್‌ನಲ್ಲಿ ಎರಡೂ ಆಟಗಳ ಆಲ್ ಐರ್ಲೆಂಡ್ ಫೈನಲ್ ಗೆಲ್ಲುವುದು ಸಾಧ್ಯವಾಯಿತು. ನಮ್ಮಲ್ಲಿ ಆಟಗಳು ಬೇರೆ ಬೇರೆ ಸಂಸ್ಥೆಗಳ ಪಾಲು. ಮದ್ರಾಸಿನ ಎಂ.ಜೆ. ಗೋಪಾಲನ್ 1936ರಲ್ಲಿ ಬರ್ಲಿನ್ ಒಲಿಂಪಿಕ್ಸ್‌ನ ಹಾಕಿ ಬಿಟ್ಟು ಇಂಗ್ಲೆಂಡಿನ ಕ್ರಿಕೆಟ್ ಪ್ರವಾಸ ಹಿಡಿದರು. ಇಂಗ್ಲೆಂಡಿನಲ್ಲಿ ಒಂದೂ ಟೆಸ್ಟ್ ಸಿಗಲಿಲ್ಲ, ಬರ್ಲಿನ್‌ನಿಂದ ಹಾಕಿ ತಂಡ ಚಿನ್ನ ತಂದಿತು. ನಮ್ಮ ಕೊಡಗಿನ ಎಂ.ಪಿ. ಗಣೇಶ್ ಮೊದಲು ಜಿಲ್ಲೆಯ ಪರ ಫುಟ್‌ಬಾಲ್ ಆಡಿ, ಆಮೇಲೆ ಹಾಕಿಗೆ ಹೊರಳಿ, 1973ರ ವಿಶ್ವಕಪ್‌ನಲ್ಲಿ ಭಾರತದ ನಾಯಕರಾದರು. ಎರಡನ್ನೂ ಜೊತೆಗಿಟ್ಟುಕೊಳ್ಳಲಿಲ್ಲ.

ಪೆರ್ರಿ ಇಟ್ಟುಕೊಂಡರು, ಏಕೆಂದರೆ ಆಗ ಮಹಿಳೆಯರ ಈ ಎರಡೂ ಆಟಗಳಲ್ಲಿ ಹೇಳಿಕೊಳ್ಳುವಂಥ ದುಡ್ಡಿರಲಿಲ್ಲ. ದುಡ್ಡಿನ ಜೊತೆಗೇ ಬಂತು ಷರತ್ತು. 2012ರಲ್ಲಿ ಕ್ಯಾನ್ಬೆರಾ ಯುನೈಟೆಡ್ ಕ್ಲಬ್ಬು ಫುಟ್‌ಬಾಲ್‌ಗೇ ಮೊದಲ ಮಣೆ ಎಂದು ಪಟ್ಟು ಹಿಡಿದಾಗ ಆಕೆ ಸಿಡ್ನಿ ಎಫ್‌ಸಿಗೆ ಹೋದರು. ಅಲ್ಲಿಯೂ ಎರಡನ್ನೂ ಕೊನೆತನಕ ಎಳೆಯಲಾಗಲಿಲ್ಲ. ಮುಂದೆ ಉಳಿದದ್ದು ಕ್ರಿಕೆಟ್.

2023ರ ಮೊದಲ ಡಬ್ಲ್ಯುಪಿಎಲ್ ಹರಾಜಿನಲ್ಲಿ ಆರ್‌ಸಿಬಿ ಪೆರ್ರಿಗೆ 1.7 ಕೋಟಿ, ಡಿವೈನ್‌ಗೆ 50 ಲಕ್ಷ ಕೊಟ್ಟಿತು. ಮರುವರ್ಷ ಮಾರ್ಚ್ 17ರ ದೆಹಲಿ ಫೈನಲ್‌ನಲ್ಲಿ ಡಿವೈನ್ 32, ಪೆರ್ರಿ ಅಜೇಯ 35. ಪುರುಷರ ತಂಡಕ್ಕೂ ಆಗ ದಕ್ಕಿರದಿದ್ದ ಕಪ್ ಬೆಂಗಳೂರಿಗೆ ಬಂತು. ಅದೇ ಪಂದ್ಯದಲ್ಲಿ 12 ರನ್‌ಗೆ 4 ವಿಕೆಟ್ ಕಿತ್ತ ನಮ್ಮ ಶ್ರೇಯಾಂಕಾ ಪಾಟೀಲ್ ಅವರ ಪೀಳಿಗೆಗೆ ಒಂದೇ ಆಟದಲ್ಲಿ ಅನ್ನ ಹುಟ್ಟುತ್ತದೆ. ಇನ್ನೊಂದು ಆಟ ಆಡುತ್ತೇನೆಂದರೆ ರಜೆ ಕೊಡುವವರು ಯಾರು?