ಅಡಿಟಿಪ್ಪಣಿಯೊಂದು ನಾಲ್ಕು ಬದಿಗಳಾದ ಬಗೆ

'ಟೇಲ್ಸ್ ಫ್ರಮ್ ಟೋಪೋಗ್ರಾಫಿಕ್ ಓಷನ್ಸ್' ಇಂಗ್ಲೆಂಡಿನ 'ಯೆಸ್' ತಂಡದ ಆರನೆಯ ಸ್ಟುಡಿಯೊ ಆಲ್ಬಮ್. ಅಟ್ಲಾಂಟಿಕ್ ಸಂಸ್ಥೆ ಇದನ್ನು 1973ರ ಡಿಸೆಂಬರ್ 7ರಂದು ಬ್ರಿಟನ್ನಿನಲ್ಲಿ ಹೊರತಂದಿತು. ಎರಡು ಎಲ್‌ಪಿ ತಟ್ಟೆ, ನಾಲ್ಕು ಬದಿ, ನಾಲ್ಕೇ ಹಾಡು. ಒಟ್ಟು ಸುಮಾರು 81 ನಿಮಿಷ. ಪ್ರೊಗ್ರೆಸಿವ್ ರಾಕ್ ಏರಿದ ಶಿಖರವಿದು ಎನ್ನುವವರೂ ಅದರ ಅತಿರೇಕಕ್ಕೆ ಇದೇ ಸಾಕ್ಷಿ ಎನ್ನುವವರೂ ಐವತ್ತು ವರ್ಷಗಳಿಂದ ವಾದಿಸುತ್ತಲೇ ಇದ್ದಾರೆ. ಎರಡೂ ಮಾತಿಗೆ ಬೇಕಾದ ಆಧಾರ ಆಲ್ಬಮ್‌ನೊಳಗೇ ಇದೆ. ಅದರ ಏರುಪೇರಿನ ಮೂಲ ಹುಡುಕಿದರೆ ಸಿಗುವುದು ಒಂದು ಸಂಖ್ಯೆ: ಸಂಗೀತ ಹುಟ್ಟುವ ಮೊದಲೇ ಗೊತ್ತಾಗಿಹೋಗಿದ್ದ ನಾಲ್ಕು.

ಮೂರು ನಿಮಿಷದ ಚೌಕಟ್ಟಿನಾಚೆ

1960ರ ದಶಕದ ಕೊನೆಯಲ್ಲಿ ಬ್ರಿಟನ್ನಿನ ಕೆಲವು ರಾಕ್ ತಂಡಗಳಿಗೆ ರೇಡಿಯೊಗೆ ಹೊಂದುವ ಮೂರು ನಿಮಿಷದ ಹಾಡು ಸಾಲದಾಯಿತು. ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ ದೀರ್ಘ ರಚನೆ, ಜಾಝ್‌ನ ಲಯ, ಚರ್ಚಿನ ಆರ್ಗನ್ನಿನ ಗಾಂಭೀರ್ಯ ಇವನ್ನೆಲ್ಲ ಎಲೆಕ್ಟ್ರಿಕ್ ಗಿಟಾರಿನೊಂದಿಗೆ ಬೆಸೆಯುವ ಪ್ರಯತ್ನಕ್ಕೆ ಪ್ರೊಗ್ರೆಸಿವ್ ರಾಕ್ ಎಂಬ ಹೆಸರು ಬಂತು. ಗಾಯಕ ಜಾನ್ ಆಂಡರ್ಸನ್ ಮತ್ತು ಬೇಸ್ ಗಿಟಾರ್ ವಾದಕ ಕ್ರಿಸ್ ಸ್ಕ್ವೈರ್ 1968ರಲ್ಲಿ ಲಂಡನ್ನಿನಲ್ಲಿ ಕಟ್ಟಿದ ಯೆಸ್ ಈ ದಾರಿಯಲ್ಲಿ ಬೇಗ ಮುಂದೆ ಸಾಗಿತು. ಗಿಟಾರಿಗೆ ಸ್ಟೀವ್ ಹೋ, ಕೀಬೋರ್ಡಿಗೆ ರಿಕ್ ವೇಕ್‌ಮನ್ ಬಂದ ಮೇಲೆ ತಂಡಕ್ಕೆ ಬೇರೆಯೇ ಬಲ ಬಂತು. 1972ರ 'ಕ್ಲೋಸ್ ಟು ದಿ ಎಡ್ಜ್' ಆಲ್ಬಮ್‌ನ ಶೀರ್ಷಿಕೆ ಹಾಡು ಹೆಚ್ಚುಕಡಿಮೆ 19 ನಿಮಿಷದ್ದು, ಎಲ್‌ಪಿಯ ಇಡೀ ಒಂದು ಬದಿಯನ್ನು ತುಂಬಿದ್ದು. ಅದು ಗೆದ್ದಿತು. ಆ ಗೆಲುವಿನ ಹೊತ್ತಿಗೇ ಡ್ರಮ್ಸ್ ವಾದಕ ಬಿಲ್ ಬ್ರೂಫರ್ಡ್ ತಂಡ ಬಿಟ್ಟು ಕಿಂಗ್ ಕ್ರಿಮ್ಸನ್ ಸೇರಿದರು. ಅವರ ಜಾಗಕ್ಕೆ ಬಂದವರು ಜಾನ್ ಲೆನನ್ ಜೊತೆ ನುಡಿಸಿದ್ದ ಅಲನ್ ವೈಟ್. ಒಂದು ಬದಿ ತುಂಬಿಯಾಗಿತ್ತು, ಮುಂದೇನು ಎಂಬ ಪ್ರಶ್ನೆ ಉಳಿದಿತ್ತು. ದೊಡ್ಡ ರಚನೆಯೊಂದಕ್ಕೆ ತಕ್ಕ ವಸ್ತುವಿಗಾಗಿ ಆಂಡರ್ಸನ್ ಹುಡುಕುತ್ತಿದ್ದರು.

ಟೋಕಿಯೊದ ಕೋಣೆ, 83ನೇ ಪುಟ

ವಸ್ತು ಸಿಕ್ಕಿದ್ದು ಒಂದು ಮದುವೆಯ ಮೂಲಕ. 1973ರ ಮಾರ್ಚ್ 2ರಂದು ಬ್ರೂಫರ್ಡ್ ಮದುವೆಗೆ ಬಂದಿದ್ದವರಲ್ಲಿ ಕಿಂಗ್ ಕ್ರಿಮ್ಸನ್ನಿನ ತಾಳವಾದ್ಯಗಾರ ಜೇಮಿ ಮ್ಯೂರ್ ಕೂಡ ಇದ್ದರು. ಸಂಗೀತ ಬಿಟ್ಟು ಬೌದ್ಧ ಮಠ ಸೇರುವ ಹಾದಿಯಲ್ಲಿದ್ದ ಮ್ಯೂರ್, ಪರಮಹಂಸ ಯೋಗಾನಂದರ ಆತ್ಮಕಥೆಯನ್ನು ಓದುವಂತೆ ಆಂಡರ್ಸನ್‌ಗೆ ಹೇಳಿದರು. ಅದೇ ತಿಂಗಳು ಯೆಸ್ ಜಪಾನ್ ಪ್ರವಾಸ ಹೊರಟಿತು. ಟೋಕಿಯೊದ ಹೋಟೆಲ್ ಕೋಣೆಯಲ್ಲಿ ಕಛೇರಿಗೆ ಮುನ್ನ ಪುಸ್ತಕ ತಿರುವಿಹಾಕುತ್ತಿದ್ದ ಆಂಡರ್ಸನ್ ಕಣ್ಣು 83ನೇ ಪುಟದ ಉದ್ದನೆಯ ಅಡಿಟಿಪ್ಪಣಿಯ ಮೇಲೆ ನಿಂತಿತು. ಆಲ್ಬಮ್‌ನ ಒಳಹೊದಿಕೆಯಲ್ಲಿ ಇದನ್ನು ಅವರೇ ಬರೆದುಕೊಂಡಿದ್ದಾರೆ.

ಕನ್ನಡದಲ್ಲೂ 'ಯೋಗಿಯ ಆತ್ಮಕಥೆ' ಎಂದು ಬಂದಿರುವ ಆ ಗ್ರಂಥ ಇಂಗ್ಲಿಷಿನಲ್ಲಿ ಮೊದಲು ಪ್ರಕಟವಾದದ್ದು 1946ರಲ್ಲಿ. ಗೋರಖಪುರದಲ್ಲಿ ಹುಟ್ಟಿ 1920ರಲ್ಲಿ ಅಮೆರಿಕಕ್ಕೆ ಹೋದ ಯೋಗಾನಂದರು 1935ರಲ್ಲಿ ತಾಯ್ನಾಡಿಗೆ ಬಂದಾಗ ಮೈಸೂರು ಯುವರಾಜರ ಆಹ್ವಾನದ ಮೇಲೆ ಮೈಸೂರು, ಬೆಂಗಳೂರುಗಳಲ್ಲಿ ಉಪನ್ಯಾಸ ಕೊಟ್ಟಿದ್ದರು. ಪುಸ್ತಕದ ಒಂದು ಅಧ್ಯಾಯ ಈ ಸೀಮೆಯ ನೆನಪುಗಳಿಂದಲೇ ತೊಡಗುತ್ತದೆ. ಪಾಶ್ಚಾತ್ಯ ಸಂಗೀತಗಾರರ ನಡುವೆ ಪುಸ್ತಕ ಆಗಲೇ ಓಡಾಡುತ್ತಿತ್ತು. ಬೀಟಲ್ಸ್ ತಂಡದ 1967ರ 'ಸಾರ್ಜೆಂಟ್ ಪೆಪ್ಪರ್ಸ್' ಆಲ್ಬಮ್‌ನ ಹೊದಿಕೆಯ ಗುಂಪುಚಿತ್ರದಲ್ಲಿ ಯೋಗಾನಂದರೂ ಅವರ ಗುರು ಯುಕ್ತೇಶ್ವರರೂ ಇದ್ದಾರೆ.

ಆ ಅಡಿಟಿಪ್ಪಣಿ ಹೇಳುವುದು ಶಾಸ್ತ್ರಗಳ ನಾಲ್ಕು ವಿಭಾಗಗಳನ್ನು: ಶ್ರುತಿ, ಸ್ಮೃತಿ, ಪುರಾಣ, ತಂತ್ರ. ಕನ್ನಡದ ಸಂಗೀತಪ್ರಿಯರಿಗೆ ಶ್ರುತಿ ಎಂದೊಡನೆ ತಂಬೂರಿ ನೆನಪಾಗಬಹುದು. ಇಲ್ಲಿ ಅದರರ್ಥ ಕೇಳಿದ್ದು, ಅಂದರೆ ವೇದ. ಸ್ಮೃತಿ ನೆನಪಿನಲ್ಲಿ ಉಳಿದು ಬಂದದ್ದು, ಧರ್ಮಶಾಸ್ತ್ರ. ಪುರಾಣ ಹಳೆಯ ಕಥೆ. ತಂತ್ರ ಸಾಧನೆಯ, ಆಚರಣೆಯ ದಾರಿ. ಪುಸ್ತಕಕ್ಕೆ ಇದು ಓದುಗನ ಅನುಕೂಲಕ್ಕೆ ಕೊಟ್ಟ ವಿವರಣೆ ಮಾತ್ರ. ಆಂಡರ್ಸನ್‌ಗೆ ಅದು ನಕ್ಷೆಯಾಯಿತು: ನಾಲ್ಕು ಶಾಸ್ತ್ರಕ್ಕೆ ನಾಲ್ಕು ಹಾಡು, ನಾಲ್ಕು ಹಾಡಿಗೆ ಎಲ್‌ಪಿಯ ನಾಲ್ಕು ಬದಿ.

ಪ್ರವಾಸ ಅಮೆರಿಕಕ್ಕೆ ಮುಂದುವರಿದಾಗ ಆಂಡರ್ಸನ್ ಮತ್ತು ಹೋ ಹೋಟೆಲ್ ಕೋಣೆಗಳಲ್ಲಿ ಮೊಂಬತ್ತಿ ಹಚ್ಚಿಕೊಂಡು ಕೂತು ಸ್ವರ, ಸಾಹಿತ್ಯ ಹೆಣೆದರು. ಜಾರ್ಜಿಯಾ ರಾಜ್ಯದ ಸವಾನಾದಲ್ಲಿ ಒಂದು ರಾತ್ರಿ ಹೀಗೆ ಕೂತವರು ಬೆಳಗಿನ ಏಳರ ಹೊತ್ತಿಗೆ ಇಡೀ ಕೃತಿಯ ಹಂದರ ಹಾಕಿ ಎದ್ದರು. ಉಳಿದ ಮೂವರ ಕೈಗೆ ಸಿಕ್ಕಿದ್ದು ಅಳತೆ ಮೊದಲೇ ಗೊತ್ತಾಗಿದ್ದ ಕಟ್ಟಡ.

ಸ್ಟುಡಿಯೊದೊಳಗೊಂದು ಕೊಟ್ಟಿಗೆ

ಧ್ವನಿಮುದ್ರಣ ನಡೆದದ್ದು 1973ರ ಬೇಸಿಗೆ ಮತ್ತು ಶರತ್ಕಾಲದಲ್ಲಿ, ಲಂಡನ್ನಿನ ವಿಲ್ಸ್‌ಡನ್ ಬಡಾವಣೆಯ ಮಾರ್ಗನ್ ಸ್ಟುಡಿಯೊದಲ್ಲಿ. ತಂಡದ ಜೊತೆ ನಿರ್ಮಾಪಕರಾಗಿ ದುಡಿದವರು ಎಡ್ಡಿ ಆಫರ್ಡ್. ಊರಾಚೆಯ ಹಸಿರಿನ ನಡುವೆ ಮುದ್ರಿಸಬೇಕೆಂಬುದು ಆಂಡರ್ಸನ್ ಆಸೆ. ಊರೊಳಗಿನ ಸ್ಟುಡಿಯೊವೇ ಸಾಕೆಂಬುದು ಬೇರೆಯವರ ಮಾತು. ಕೊನೆಗೆ ಸ್ಟುಡಿಯೊದೊಳಕ್ಕೇ ಹುಲ್ಲಿನ ಪಿಂಡಿ, ಮರದ ಬೇಲಿ, ರಟ್ಟಿನ ಹಸುಗಳು ಬಂದವು. ಬಚ್ಚಲಮನೆಯಲ್ಲಿ ಹಾಡಿದಾಗ ಕೇಳುವ ಮಾರ್ದನಿ ಬೇಕೆಂದು ಆಂಡರ್ಸನ್ ಹಾಡುವ ಜಾಗಕ್ಕೆ ಟೈಲ್ಸ್ ಕೂಡ ಹಾಕಿಸಿದರು. ವೇಕ್‌ಮನ್‌ಗೆ ಇದಾವುದೂ ಒಗ್ಗಲಿಲ್ಲ. ಅದೇ ಕಟ್ಟಡದಲ್ಲಿ ಬ್ಲ್ಯಾಕ್ ಸಬ್ಬತ್ ತಂಡವೂ ಕೆಲಸ ಮಾಡುತ್ತಿತ್ತು. ವೇಕ್‌ಮನ್ ಅಲ್ಲಿಗೆ ಹೋಗಿ ಆ ತಂಡದ ಒಂದು ಹಾಡಿಗೆ ಕೀಬೋರ್ಡ್ ನುಡಿಸಿ ಬಂದರು.

ವೇಕ್‌ಮನ್ ಮುಂದೆ ಮತ್ತೆ ಮತ್ತೆ ಹೇಳಿದ ಆಕ್ಷೇಪ ಒಂದೇ. ಕೈಯಲ್ಲಿದ್ದ ಸರಕು ಒಂದು ತಟ್ಟೆಗೆ ಹೆಚ್ಚು, ಎರಡು ತಟ್ಟೆಗೆ ಕಡಿಮೆ, ಹಾಗಾಗಿ ಹಿಗ್ಗಿಸಬೇಕಾಯಿತು. ಎಲ್‌ಪಿಯ ಒಂದು ಬದಿಗೆ ಇಪ್ಪತ್ತು ನಿಮಿಷದ ಆಸುಪಾಸಿನಷ್ಟು ಸಂಗೀತ ತುಂಬಿದರೆ ಚೆನ್ನ. ಅದನ್ನು ಮೀರಿದಷ್ಟೂ ಗೀರುಗಳು ಒತ್ತೊತ್ತಾಗಿ, ದನಿ ಸೊರಗುತ್ತದೆ. ತೀರಾ ಕಡಿಮೆ ತುಂಬಿದರೆ ಕೊಳ್ಳುವವನಿಗೆ ಮೋಸ. ನಾಲ್ಕು ಶಾಸ್ತ್ರಗಳಿಗೆ ಸಮಪಾಲು ಎಂದ ಮೇಲೆ ನಾಲ್ಕು ಹಾಡುಗಳೂ ಈ ಅಳತೆಗೆ ಬರಲೇಬೇಕಿತ್ತು.

ನಾಲ್ಕು ಬದಿಗಳ ತೂಕ

ಶ್ರುತಿಗೆ ಮೀಸಲಾದ ಮೊದಲ ಬದಿ 'ದಿ ರಿವೀಲಿಂಗ್ ಸೈನ್ಸ್ ಆಫ್ ಗಾಡ್'. ಇದು ಮೂಲದಲ್ಲಿ 28 ನಿಮಿಷದಷ್ಟಿತ್ತು. ಕತ್ತರಿಸಿ 20 ನಿಮಿಷಕ್ಕೆ ಇಳಿಸಲಾಯಿತು. ಆ ಕತ್ತರಿ ಒಳ್ಳೆಯದನ್ನೇ ಮಾಡಿತು. ಮಂತ್ರಪಠಣದಂತೆ ಹಲವು ದನಿಗಳು ಸೇರಿ ತೊಡಗುವ ಹಾಡು ಒಂದರ ಹಿಂದೊಂದು ಹೊಸ ಧಾಟಿ ತರುತ್ತದೆ, ಮೊದಲು ಕೇಳಿಸಿದ್ದಕ್ಕೆ ತಿರುಗಿ ಬರುತ್ತದೆ, ಎಲ್ಲೂ ಜಾಳಾಗುವುದಿಲ್ಲ.

ಎರಡನೆಯದು ಸ್ಮೃತಿಯ 'ದಿ ರಿಮೆಂಬರಿಂಗ್'. ಇಲ್ಲಿ ಮೆಲೋಟ್ರಾನ್ ಎಂಬ ಟೇಪ್ ಆಧಾರಿತ ಕೀಬೋರ್ಡಿನ ಅಲೆಗಳದ್ದೇ ರಾಜ್ಯ. ಹಾಯಾದ ಧಾಟಿಗಳಿವೆ, ಆದರೆ ಅವು ಬೆಳೆಯದೆ ಮರುಕಳಿಸುತ್ತವೆ. ನೆನಪು ಎಂಬ ವಸ್ತುವಿಗೆ ಮರುಕಳಿಕೆ ಸಹಜವೆಂದು ಸಮರ್ಥಿಸಬಹುದು. ಹನ್ನೆರಡು ನಿಮಿಷಕ್ಕೆ ಸಾಲುವ ಸಾಮಗ್ರಿ ಇಪ್ಪತ್ತಕ್ಕೆ ಹರಡಿದೆ ಎಂಬುದು ಕಿವಿಗೆ ತಿಳಿಯುತ್ತದೆ.

ಮೂರನೆಯದು ಪುರಾಣದ 'ದಿ ಏನ್ಷಂಟ್'. ಮೊದಲ ಹನ್ನೆರಡು ನಿಮಿಷ ತಾಳವಾದ್ಯಗಳ ಗದ್ದಲ, ಸ್ಟೀಲ್ ಗಿಟಾರಿನ ಚೀರು, ನಡುವೆ ಹಲವು ಭಾಷೆಗಳಲ್ಲಿ ಸೂರ್ಯನ ಹೆಸರುಗಳು. ಹಿಂದಿಯಲ್ಲಿ ಬಿಸಿಲಿಗೆ ಹೇಳುವ ಪದವೂ ಆ ಪಟ್ಟಿಯೊಳಗೆ ನುಸುಳಿದೆ. ಕೇಳುಗರು ಹೆಚ್ಚಾಗಿ ಕೈಬಿಡುವುದು ಇಲ್ಲೇ. ಈ ಗದ್ದಲ ದಾಟಿದವರಿಗೆ ಹೋ ಅವರ ಒಂಟಿ ಸ್ಪ್ಯಾನಿಷ್ ಗಿಟಾರ್, ಅದರ ಮೇಲೆ ಆಂಡರ್ಸನ್ ದನಿಯಲ್ಲಿ ಒಂದು ಪುಟ್ಟ, ಸರಳ ಗೀತ ಸಿಗುತ್ತದೆ. ಇಡೀ ಆಲ್ಬಮ್‌ನಲ್ಲಿ ಹೆಚ್ಚು ಜನ ಮೆಚ್ಚಿದ ಭಾಗಗಳಲ್ಲಿ ಇದೂ ಒಂದು.

ನಾಲ್ಕನೆಯದು ತಂತ್ರದ 'ರಿಚುಅಲ್'. ಸ್ಕ್ವೈರ್ ಅವರ ಬೇಸ್ ಗಿಟಾರ್ ಇಲ್ಲಿ ಮುಂದೆ ಬಂದು ಹಾಡಿನ ದಾರಿ ತೋರುತ್ತದೆ. ಬಳಿಕ ಬರುವ ಚರ್ಮವಾದ್ಯಗಳ ಹೊಡೆತ ಆಚರಣೆ ಎಂಬ ಹೆಸರಿಗೆ ನ್ಯಾಯ ಸಲ್ಲಿಸುತ್ತದೆ. ಕೊನೆಗೆ ಎಲ್ಲವೂ ಪಿಯಾನೊದೊಂದಿಗೆ ತಣ್ಣಗಾಗುತ್ತದೆ. ವಸ್ತು ಮತ್ತು ನಾದ ಒಂದಕ್ಕೊಂದು ತಕ್ಕುದಾಗಿ ಬಂದಿರುವುದು ಈ ಬದಿಯಲ್ಲೇ ಹೆಚ್ಚು.

ಭಾರತದ ರಾಗ, ತಾಳಗಳನ್ನು ಅನುಕರಿಸುವ ಗೋಜಿಗೆ ಆಲ್ಬಮ್ ಹೋಗಿಲ್ಲ. ವೇದ ಪುರಾಣಗಳ ಒಳಗನ್ನೂ ಅದು ಮುಟ್ಟುವುದಿಲ್ಲ. ರೋಜರ್ ಡೀನ್ ಬರೆದ ಹೊದಿಕೆಯ ಚಿತ್ರದಲ್ಲೂ ಮೆಕ್ಸಿಕೊದ ಮಾಯಾ ದೇಗುಲ, ಪೆರುವಿನ ನಾಸ್ಕಾ ಗೆರೆಗಳು, ಇಂಗ್ಲೆಂಡಿನ ಬಂಡೆಗಳು ಇವೆ. ಯೋಗಾನಂದರಿಂದ ಆಲ್ಬಮ್ ಪಡೆದದ್ದು ವಿಂಗಡಣೆಯನ್ನು.

ವೇದಿಕೆಯ ಮೇಲೆ ಊಟ

ಬಿಡುಗಡೆಗೆ ಮೊದಲೇ, 1973ರ ನವೆಂಬರಿನಲ್ಲಿ, ಬ್ರಿಟನ್ ಪ್ರವಾಸ ಶುರುವಾಯಿತು. ಸಭಿಕರು ಯಾರೂ ಕೇಳಿರದ ಎಂಬತ್ತು ನಿಮಿಷದ ಸಂಗೀತವನ್ನು ತಂಡ ಇಡಿಯಾಗಿ ನುಡಿಸಿತು. ಮ್ಯಾಂಚೆಸ್ಟರಿನ ಫ್ರೀ ಟ್ರೇಡ್ ಹಾಲ್ ಕಛೇರಿಯಲ್ಲಿ ವೇಕ್‌ಮನ್‌ಗೆ ಹೆಚ್ಚು ಕೆಲಸವಿರಲಿಲ್ಲ. ಕಛೇರಿ ಮುಗಿದ ಮೇಲೆ ಏನು ಊಟ ಬೇಕೆಂದು ಅವರು ಹೇಳಿದ್ದನ್ನು ಸಹಾಯಕ ಆಗಲೇ ಬೇಕೆಂದು ತಿಳಿದು ಕರಿ, ಅನ್ನ, ಹಪ್ಪಳ ತಂದಿಟ್ಟ. ತಾವು ಕೀಬೋರ್ಡುಗಳ ಮೇಲೇ ಅದನ್ನು ಹರಡಿಕೊಂಡು ತಿಂದದ್ದಾಗಿ ವೇಕ್‌ಮನ್ ಹಲವು ಬಾರಿ ಹೇಳಿದ್ದಾರೆ. 1974ರ ಮೇ ತಿಂಗಳಲ್ಲಿ ಅವರು ತಂಡ ಬಿಟ್ಟರು.

ಮಾರಾಟಕ್ಕೆ ಕೊರತೆಯಾಗಲಿಲ್ಲ. ಆಲ್ಬಮ್ ಬ್ರಿಟನ್ನಿನ ಪಟ್ಟಿಯಲ್ಲಿ ಎರಡು ವಾರ ಮೊದಲ ಸ್ಥಾನದಲ್ಲಿತ್ತು, ಅಮೆರಿಕದಲ್ಲಿ ಆರನೆಯ ಸ್ಥಾನಕ್ಕೇರಿತು. ವಿಮರ್ಶಕರ ಮಾತೇ ಬೇರೆ. ಅದುವರೆಗೆ ತಂಡದ ಬೆಂಬಲಕ್ಕಿದ್ದ 'ಮೆಲೊಡಿ ಮೇಕರ್' ಪತ್ರಿಕೆಯ ಕ್ರಿಸ್ ವೆಲ್ಷ್ ಕೂಡ ನಿರಾಸೆ ತೋಡಿಕೊಂಡರು. 1976ರ ಬಳಿಕ ಪಂಕ್ ಸಂಗೀತ ಬಂದಾಗ, ಹಳೆಯ ತಲೆಮಾರಿನ ಆಡಂಬರಕ್ಕೆ ಕೊಡುವ ಉದಾಹರಣೆಗಳಲ್ಲಿ ಈ ಆಲ್ಬಮ್ ಮುಂಚೂಣಿಯಲ್ಲಿತ್ತು.

ಮರಳಿ ಕಿವಿಗೊಟ್ಟಾಗ

ಮರುಮೌಲ್ಯಮಾಪನಕ್ಕೆ ನೆರವಾದದ್ದು ಭಾಗಶಃ ತಂತ್ರಜ್ಞಾನ. ತಟ್ಟೆಯ ಮಿತಿ ಹೋದ ಮೇಲೆ, 2003ರ ಸಿಡಿ ಆವೃತ್ತಿಯಲ್ಲಿ, ಮೊದಲ ಹಾಡಿನಿಂದ ಕತ್ತರಿಸಿದ್ದ ಎರಡು ನಿಮಿಷದ ಪೀಠಿಕೆ ಮರಳಿ ಸೇರಿತು. 2016ರಲ್ಲಿ ಸಂಗೀತಗಾರ ಸ್ಟೀವನ್ ವಿಲ್ಸನ್ ಮೂಲ ಟೇಪುಗಳಿಂದ ಹೊಸದಾಗಿ ಮಿಶ್ರಣ ಮಾಡಿದರು; ಒಂದರ ಮೇಲೊಂದು ಬಿದ್ದು ಮಸುಕಾಗಿದ್ದ ವಾದ್ಯಗಳು ಬಿಡಿಬಿಡಿಯಾಗಿ ಕೇಳಿಸತೊಡಗಿದವು.

ತಂಡದ ಆಯ್ಕೆಗಳೂ ಒಂದು ಬಗೆಯ ತೀರ್ಪು. 1974ರ ಪ್ರವಾಸ ಮುಂದುವರಿದಂತೆ ಎರಡನೆಯ ಬದಿಯನ್ನು ಕಛೇರಿಗಳಿಂದ ಕೈಬಿಡಲಾಯಿತು. 1996ರ ಮರುಮಿಲನದ ಕಛೇರಿಗಳಲ್ಲಿ ಮೊದಲ ಬದಿ ಇಡಿಯಾಗಿ ಮರಳಿತು, ಅದೂ ಕೀಬೋರ್ಡಿನಲ್ಲಿ ವೇಕ್‌ಮನ್ ಇದ್ದಾಗಲೇ. ಸ್ಕ್ವೈರ್ ತೀರಿಕೊಂಡ ಮರುವರ್ಷ, 2016ರಲ್ಲಿ, ತಂಡ ಈ ಆಲ್ಬಮ್ ಎತ್ತಿಕೊಂಡಾಗ ನುಡಿಸಿದ್ದು ಮೊದಲ ಬದಿ, ಕೊನೆಯ ಬದಿ ಮತ್ತು ಮೂರನೆಯದರ ಕೊನೆಯಲ್ಲಿ ಬರುವ ಆ ಪುಟ್ಟ ಗೀತ. ಮೂರೂ ಸೇರಿದರೆ ಸುಮಾರು 45 ನಿಮಿಷ, ಸರಿಯಾಗಿ ಒಂದು ಎಲ್‌ಪಿಯಷ್ಟು.