ಪಂಕ್ತಿಯಿಲ್ಲದ ಊಟ

ತರಗತಿಯಲ್ಲಿ ‘ಪಂಕ್ತಿ’ ಎಂಬ ಮಾತು ಬಂದಾಗ ಹಿಂದಿನ ಬೆಂಚಿನಲ್ಲಿ ಸಣ್ಣ ನಗೆಯೊಂದು ಏಳುವುದುಂಟು. ಪದ್ಯದ ಸಾಲಿಗೂ ಊಟದ ಸಾಲಿಗೂ ನಮ್ಮಲ್ಲಿ ಒಂದೇ ಶಬ್ದ. ಹುಡುಗರಿಗೆ ಎರಡನೆಯದೇ ಮೊದಲು ನೆನಪಾಗುತ್ತದೆ. ಪಾಠವಿರುವುದು ಮಧ್ಯಾಹ್ನದ ಹನ್ನೆರಡೂವರೆಗೆ, ಅವರನ್ನು ದೂರುವಂತಿಲ್ಲ. ಆದರೆ ಹಲಗೆಯ ಮೇಲೆ ‘ಪಂಕ್ತಿಭೇದ’ ಎಂದು ಬರೆದು ಅರ್ಥ ಕೇಳಿದರೆ ನಗೆ ನಿಲ್ಲುತ್ತದೆ. ಯಾರು ಯಾರೊಡನೆ ಕುಳಿತು ಉಣ್ಣಬಹುದು, ಯಾರು ಬಡಿಸಬಹುದು, ಯಾರು ಹೊರಗೆ ಕಾಯಬೇಕು ಎಂಬ ಶತಮಾನಗಳ ಲೆಕ್ಕವೆಲ್ಲ ಆ ಒಂದು ಸಮಾಸದಲ್ಲಿ ಅಡಗಿದೆ. ಆ ಲೆಕ್ಕವನ್ನು ಕೆಡಿಸಲು ಹೆಣಗಿದ ಶರಣರ, ಸುಧಾರಕರ ಹೆಸರುಗಳು ನಮ್ಮ ಪಠ್ಯಗಳಲ್ಲಿವೆ. ಅದೇ ಕೆಲಸವನ್ನು, ತಾನು ಮಾಡುತ್ತಿರುವುದೇನೆಂಬ ಅರಿವಿಲ್ಲದೆ, ಕಾಸಿನ ಆಸೆಯಿಂದ ಮಾಡಿದ ಅಗ್ಗದ ಹೋಟೆಲಿನ ಹೆಸರು ಮಾತ್ರ ಎಲ್ಲಿಯೂ ಬರುವುದಿಲ್ಲ.

ಹೋಟೆಲೇನೂ ಸಮತೆಯ ಧ್ವಜ ಹಿಡಿದು ಹುಟ್ಟಿದ್ದಲ್ಲ. ಅದರ ನಾಮಫಲಕಗಳನ್ನು ಓದಿದರೇ ಸಾಕು. ಉಡುಪಿಯ ಕಡೆಯಿಂದ ಬೆಂಗಳೂರಿಗೆ ಬಂದ ಮಯ್ಯ ಸಹೋದರರು 1924ರಲ್ಲಿ ತೆರೆದ ಉಪಾಹಾರಗೃಹದ ಮೊದಲ ಹೆಸರು ‘ಬ್ರಾಹ್ಮಿನ್ ಕಾಫಿ ಕ್ಲಬ್’. ಇಂದು ಲಾಲ್‌ಬಾಗ್ ರಸ್ತೆಯ ಮಾವಳ್ಳಿ ಟಿಫಿನ್ ರೂಮ್ಸ್ ಎಂದರೆ ಎಲ್ಲರಿಗೂ ಗೊತ್ತು. ಉತ್ತರ ಕರ್ನಾಟಕದ ಊರುಗಳಲ್ಲಿ ‘ಲಿಂಗಾಯತ ಖಾನಾವಳಿ’ ಎಂಬ ಫಲಕ ಕಂಡರೆ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ ಸಿಕ್ಕುವುದು ಖಂಡಿತ. ಹುಬ್ಬಳ್ಳಿಯಲ್ಲಿ ‘ಸಾವಜಿ’ ಎಂದಿದ್ದರೆ ಕಣ್ಣಲ್ಲಿ ನೀರು ತರಿಸುವ ಖಾರದ ಮಾಂಸದ ಸಾರು. ಹಳೆಯ ಮೈಸೂರಿನ ಕಡೆ ‘ಮಿಲಿಟರಿ ಹೋಟೆಲು’ ಎಂದರೆ ಮುದ್ದೆ ಮತ್ತು ಮಾಂಸ. ಹೀಗೆ ಜಾತಿಯ ಹೆಸರೇ ತಿಂಡಿಗಳ ಪಟ್ಟಿಯ ಕೆಲಸವನ್ನೂ ಮಾಡುತ್ತಿತ್ತು. ಒಲೆಯ ಮುಂದೆ ನಿಂತವನು ಯಾರೆಂದು ಹೇಳಿಬಿಟ್ಟರೆ ತಟ್ಟೆಯಲ್ಲಿ ಏನಿದೆ ಎಂದು ಬೇರೆ ಹೇಳಬೇಕಾಗಿರಲಿಲ್ಲ.

ಆದರೆ ಫಲಕ ಹೇಳುತ್ತಿದ್ದುದು ಅಡುಗೆಯವನ ಜಾತಿಯನ್ನು. ಉಣ್ಣುವವನ ಜಾತಿಯ ವಿಚಾರಣೆ ನಡೆಯುತ್ತಿದ್ದುದು ಒಳಗೆ. ಬ್ರಾಹ್ಮಣರಿಗೊಂದು ಕೊಠಡಿ, ಉಳಿದವರಿಗೊಂದು ಹಜಾರ, ಕೆಲವರಿಗೆ ಹೊಸ್ತಿಲಿನ ಆಚೆಯ ಬಯಲು, ಹೀಗಿತ್ತು ಅನೇಕ ಹಳೆಯ ಹೋಟೆಲುಗಳ ವ್ಯವಸ್ಥೆ. 1950ರಲ್ಲಿ ಜಾರಿಗೆ ಬಂದ ನಮ್ಮ ಸಂವಿಧಾನವು ತನ್ನ ಹದಿನೈದನೆಯ ಅನುಚ್ಛೇದದಲ್ಲಿ ಅಂಗಡಿ, ಸಾರ್ವಜನಿಕ ಉಪಾಹಾರಗೃಹ, ಹೋಟೆಲುಗಳೆಂದು ಹೆಸರಿಟ್ಟು ಹೇಳಿ, ಜಾತಿಯ ಕಾರಣದಿಂದ ಯಾರನ್ನೂ ತಡೆಯಕೂಡದೆಂದು ವಿಧಿಸಿತು. ಇಡ್ಲಿ ಕಾಫಿಯ ಅಂಗಡಿಯೊಂದು ರಾಷ್ಟ್ರದ ಮೂಲಶಾಸನದಲ್ಲಿ ಸ್ಥಳ ಪಡೆಯಬೇಕಾಯಿತೆಂದರೆ ಅಲ್ಲಿ ನಡೆಯುತ್ತಿದ್ದುದು ಸಾಮಾನ್ಯವಾದ ಅವಮಾನವಲ್ಲ. 1955ರಲ್ಲಿ ಅಸ್ಪೃಶ್ಯತೆಯ ಆಚರಣೆಯನ್ನು ದಂಡನೀಯವಾಗಿಸಿದ ಕಾಯಿದೆಯೂ ಬಂದಿತು.

ಕಾನೂನಿನ ಜೊತೆಗೆ ಇನ್ನೊಂದು ಶಕ್ತಿಯೂ ಕೆಲಸ ಮಾಡಿತು: ಮನೆ ಬಿಟ್ಟುಬಂದ ವಿದ್ಯಾರ್ಥಿಯ ಹಸಿವು. ಹಿಂದೆ ಓದಲು ಪಟ್ಟಣಕ್ಕೆ ಬಂದ ಬಡ ಹುಡುಗರಿಗೆ ವಾರಾನ್ನವಿತ್ತು. ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು. ಅದರ ಪುಣ್ಯವನ್ನು ನಾನು ಹಳಿಯಲಾರೆ. ಎಷ್ಟೋ ವಿದ್ವಾಂಸರನ್ನು ಅದು ಉಳಿಸಿತು. ಆದರೆ ವಾರಾನ್ನ ಸಿಕ್ಕಬೇಕಾದರೆ ಮೊದಲು ಜಾತಿ ಹೊಂದಬೇಕು, ಆಮೇಲೆ ಮನೆಯಾಕೆಯ ಮುಖದ ಗಂಟನ್ನೂ ಸಹಿಸಬೇಕು. ಹೋಟೆಲಿನವನು ಕೇಳುವುದು ಚಿಲ್ಲರೆಯನ್ನು ಮಾತ್ರ. 1943ರಲ್ಲಿ ಗಾಂಧಿಬಜಾರಿನಲ್ಲಿ ಆರಂಭವಾದ ಹೋಟೆಲೊಂದು ‘ವಿದ್ಯಾರ್ಥಿ ಭವನ’ ಎಂಬ ಹೆಸರನ್ನೇ ಇಟ್ಟುಕೊಂಡಿತು. ಒಲೆಯವನ ಕುಲದ ಬದಲು ಗಿರಾಕಿಯ ಅವಸ್ಥೆಯನ್ನು ಹೇಳುವ ಈ ಹೆಸರು ನನಗೆ ಬಹಳ ಪ್ರಿಯ. ಅಲ್ಲಿನ ದೋಸೆಯ ಮೇಲಣ ಮೋಹವೂ ಈ ಅಭಿಪ್ರಾಯದಲ್ಲಿ ಸೇರಿರಬಹುದು.

1983ರಲ್ಲಿ ಜಯನಗರದಲ್ಲಿ ಮೊದಲ ‘ದರ್ಶಿನಿ’ ತೆರೆದಾಗ ಪಂಕ್ತಿಯೆಂಬುದೇ ಇಲ್ಲವಾಯಿತು. ಕುರ್ಚಿಯಿಲ್ಲ, ಬಡಿಸುವವನಿಲ್ಲ; ಹಣ ಕೊಟ್ಟು ಚೀಟಿ ಪಡೆದು, ಕಣ್ಣೆದುರಿಗೇ ಬೇಯುತ್ತಿರುವುದನ್ನು ಈಸಿಕೊಂಡು, ಎದೆಯೆತ್ತರದ ಮೇಜಿನ ಬಳಿ ನಿಂತು ತಿನ್ನುವುದು. ನಿಂತು ತಿನ್ನುವುದು ಶಿಷ್ಟಾಚಾರವಲ್ಲವೆಂದು ಹಿರಿಯರು ಗೊಣಗಿದರು. ಆದರೆ ಸಾಲೇ ಇಲ್ಲದೆಡೆ ಸಾಲಿನ ಭೇದ ಎಲ್ಲಿಂದ ಬರಬೇಕು? ಈಗ ಅಂಥ ಅಂಗಡಿಗಳಲ್ಲಿ ಖಾರಾಬಾತಿನ ಪಕ್ಕದಲ್ಲಿಯೇ ಜೋಳದ ರೊಟ್ಟಿ, ಸಂಜೆಗೆ ಪಾವ್ ಭಾಜಿ, ಚೀನೀಯನೊಬ್ಬನು ಕಂಡರೆ ಬೆರಗಾಗುವಂಥ ಗೋಬಿ ಮಂಚೂರಿ! ಒಲೆಯವನು ಯಾರೋ, ಮೇಜಿನ ಆಚೆ ನಿಂತವರು ಯಾರೋ. 2017ರಲ್ಲಿ ಬೆಂಗಳೂರಿನಲ್ಲಿ ಇಂದಿರಾ ಕ್ಯಾಂಟೀನುಗಳು ತೆರೆದಾಗ ತಿಂಡಿಗೆ 5 ರೂಪಾಯಿ, ಊಟಕ್ಕೆ 10 ರೂಪಾಯಿ. ಅಲ್ಲಿಯೂ ಕೇಳಿದ್ದು ಅಷ್ಟನ್ನೇ.

ಇಷ್ಟನ್ನು ಬರೆದು ನಿಲ್ಲಿಸಿದರೆ ಅರ್ಧ ಸತ್ಯವಾದೀತು. ಪಟ್ಟಣದಲ್ಲಿ ಸಡಿಲವಾದ ಗಂಟು ಹಳ್ಳಿಯಲ್ಲಿ ಬಿಗಿಯಾಗಿಯೇ ಇತ್ತೆಂಬುದು ನನಗೆ ತಿಳಿದದ್ದು ಮೈಸೂರಿನಲ್ಲಿ, ಎಂ.ಎ. ಓದುವಾಗ. ಕೊಠಡಿಯ ಗೆಳೆಯನೊಬ್ಬನೊಡನೆ ದಿನವೂ ಒಂದು ಸಣ್ಣ ಉಡುಪಿ ಹೋಟೆಲಿಗೆ ಹೋಗುತ್ತಿದ್ದೆ. ಮೊದಮೊದಲು ಅವನು ಕಾಫಿ ಕುಡಿದೊಡನೆ ಲೋಟವನ್ನು ಹಿಡಿದು ನಲ್ಲಿಯ ಕಡೆಗೆ ಎದ್ದುಬಿಡುತ್ತಿದ್ದ. ಸಪ್ಲೈಯರ್ ಹುಡುಗ, “ಇಡಿ ಸಾರ್, ನಾವು ತೊಳೀತೇವೆ” ಎಂದು ಕಸಿದುಕೊಳ್ಳುತ್ತಿದ್ದ. ನಾನು ಹಳ್ಳಿಯವನ ಸಂಕೋಚವೆಂದು ನಗುತ್ತಿದ್ದೆ. ಒಮ್ಮೆ ಇತರ ಗೆಳೆಯರ ಮುಂದೆ ಅಣಕಿಸಿಯೂ ತೋರಿಸಿದೆ. ಆ ರಾತ್ರಿ ಅವನು ಕಾರಣ ಹೇಳಿದ. ಅವನ ಊರಿನ ಹೋಟೆಲಿನಲ್ಲಿ ಅವರ ಕೇರಿಯವರ ಲೋಟಗಳು ಹೊರಗೆ ಸೂರಿನ ಸಂದಿಯಲ್ಲಿ ಇರುತ್ತಿದ್ದವು. ತೆಗೆದುಕೊಂಡು ಹಿಡಿಯಬೇಕು, ಮೇಲಿಂದ ಹೊಯ್ಯುತ್ತಾರೆ. ಕುಡಿದು, ತೊಳೆದು, ಮತ್ತೆ ಅಲ್ಲಿಯೇ ಸಿಕ್ಕಿಸಬೇಕು. ಸಂವಿಧಾನ ಬಂದು ಆಗ ಐವತ್ತು ವರ್ಷಗಳಾಗುತ್ತಿದ್ದವು. ನಾನು ಕ್ಷಮೆ ಕೇಳಲಿಲ್ಲ. ಏನೆಂದು ಕೇಳುವುದೆಂದೇ ತಿಳಿಯಲಿಲ್ಲ.

ಆ ವರ್ಷವೇ ಪರೀಕ್ಷೆಯ ಶುಲ್ಕದ ಹಣ ತೆಗೆದುಕೊಂಡು ಅವನ ತಂದೆ ಬಂದರು. ಮೂವರೂ ಅದೇ ಹೋಟೆಲಿಗೆ ಹೋದೆವು. ನಾವಿಬ್ಬರು ಒಳಗೆ ಕುಳಿತು ನೋಡಿದರೆ ಅವರು ಬಾಗಿಲ ಬಳಿಯೇ ನಿಂತಿದ್ದರು. ಗಲ್ಲಾದ ಮೇಲಿದ್ದ ಭಟ್ಟರು ನೋಟು ಎಣಿಸುತ್ತಿದ್ದವರು ತಲೆಯೆತ್ತಿ, “ಬನ್ನಿ ಯಜಮಾನ್ರೇ, ಒಳಗೆ ಜಾಗ ಉಂಟು” ಎಂದರು. ಬಂದು ಬೆಂಚಿನ ತುದಿಯಲ್ಲಿ ಕುಳಿತರು. ಎರಡು ಇಡ್ಲಿ ತಿಂದರು, ಕಾಫಿ ಕುಡಿದರು. ಲೋಟ ಕೈಯಲ್ಲಿ ಹಿಡಿದು ಸುತ್ತ ನೋಡತೊಡಗಿದಾಗ ಗೆಳೆಯ ಮೆಲ್ಲಗೆ, “ಇರ್ಲಿ ಬಿಡಪ್ಪ, ಅವರೇ ತೊಳೀತಾರೆ” ಎಂದ. ಅವರು ಅದನ್ನು ಮೇಜಿನ ಮೇಲಿಟ್ಟರು. ಹುಡುಗ ಬಂದು ನಮ್ಮ ಲೋಟಗಳೊಡನೆಯೇ ಅದನ್ನೂ ಬೆರಳುಗಳಲ್ಲಿ ಸಿಕ್ಕಿಸಿಕೊಂಡು ಹೋದ. ಅವನು ಒಳಗೆ ಮರೆಯಾಗುವವರೆಗೂ ಅವರು ನೋಡುತ್ತಿದ್ದರು.

“ಇನ್ನೊಂದ್ ಕಾಪಿ ಹೇಳು ಮಗ” ಎಂದರು. ಅದರ ಹಣವನ್ನು ನಾವು ಕೊಡಹೋದರೆ ಒಪ್ಪಲಿಲ್ಲ. ಪಂಚೆಯ ಸೆರಗಿನ ಗಂಟು ಬಿಚ್ಚಿ ತಾವೇ ಎಣಿಸಿಕೊಟ್ಟರು.